ಮಡಿಕೇರಿಯಲ್ಲಿ ಮುಂದಿನ ವರ್ಷ ಶುರುವಾಗುವ ಹೋಂಸ್ಟೇ ಕಟ್ಟಡದ ಬಜೆಟ್‌ಗೆ ಬೆಲೆ ಏರಿಕೆಯನ್ನು ಎಷ್ಟು ಸೇರಿಸಬೇಕು?

ಇಡೀ ಮೊತ್ತಕ್ಕೆ ಸುಮ್ನೆ ಶೇ. 10 ಸೇರಿಸಬೇಡಿ. ಸಾಮಗ್ರಿ ಮತ್ತು ಕೂಲಿಯನ್ನು ಬೇರೆ ಬೇರೆ ಲೆಕ್ಕ ಹಾಕಿ, ಎರಡೂ ಒಂದೇ ವೇಗದಲ್ಲಿ ಏರುವುದಿಲ್ಲ.

ಸಿಮೆಂಟ್, ಕಬ್ಬಿಣಕ್ಕೆ ಕೇಂದ್ರ ಸರ್ಕಾರ ಪ್ರತಿ ತಿಂಗಳು ಪ್ರಕಟಿಸುವ ಸಗಟು ಬೆಲೆ ಸೂಚ್ಯಂಕ ನೋಡಿ. ಒಂದೇ ವರ್ಷದ ಏರಿಕೆ ನಂಬಬೇಡಿ, ಐದು ವರ್ಷದ ಸರಾಸರಿ ತೆಗೆಯಿರಿ. ಘಾಟಿ ಹತ್ತಿಸುವ ಲಾರಿ ಬಾಡಿಗೆ ಅದರಲ್ಲಿ ಬರುವುದಿಲ್ಲ, ಇಲ್ಲೇ ವಿಚಾರಿಸಿ.

ಕೂಲಿಯದ್ದೇ ನಮ್ಮಲ್ಲಿ ದೊಡ್ಡ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಬಿಸಿಲು ಬಂದು ಕೆಲಸ ಹಿಡಿಯುವ ಹೊತ್ತಿಗೆ ಕಾಫಿ ಕೊಯ್ಲು, ಆಳುಗಳೆಲ್ಲ ತೋಟದಲ್ಲಿ. ಆಗ ಕೂಲಿ ಜಾಸ್ತಿ ಕೇಳುತ್ತಾರೆ, ಅದು ನ್ಯಾಯವೇ.

ಏರಿಕೆಯ ಅವಧಿಯನ್ನು ಇವತ್ತಿನಿಂದ ಕೆಲಸದ ನಡುಮಧ್ಯದವರೆಗೆ ಎಣಿಸಿ. ಒಂದು ವರ್ಷದ ನಂತರ ಶುರುವಾಗಿ ಒಂದು ವರ್ಷ ನಡೆದರೆ ಒಂದೂವರೆ ವರ್ಷ. ಇವತ್ತಿನ ದರದಲ್ಲಿ ಸಾಮಗ್ರಿ 24 ಲಕ್ಷ, ಕೂಲಿ 16 ಲಕ್ಷ ಅಂದುಕೊಳ್ಳಿ. ವರ್ಷಕ್ಕೆ ಕ್ರಮವಾಗಿ ಶೇ. 4 ಮತ್ತು ಶೇ. 8 ಏರಿಕೆ ಹಿಡಿದರೆ, ಚಕ್ರಬಡ್ಡಿ ಲೆಕ್ಕದಲ್ಲಿ 40 ಲಕ್ಷ ಸುಮಾರು 43.4 ಲಕ್ಷ ಆಗುತ್ತದೆ.

ಬರೆ (ಕಡಿದಾದ ಮಣ್ಣಿನ ಇಳಿಜಾರು) ಕುಸಿತದಂಥ ಅನಿರೀಕ್ಷಿತ ಖರ್ಚಿಗೆ ಬೇರೆಯೇ ಹಣ ಎತ್ತಿಡಿ, ಇದರಲ್ಲಿ ಬೆರೆಸಬೇಡಿ.