‘ಶ್ರದ್ಧೆ ಸಾಲದು’ ಅಂದರೆ ಏನು?

ಉಡುಪಿಯ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತು ಆರು ತಿಂಗಳಾಯಿತು, ಧಣಿ ‘ಶ್ರದ್ಧೆ ಸಾಲದು’ ಅನ್ನುತ್ತಾರೆ, ಶ್ರದ್ಧೆ ತೋರಿಸುವುದು ಹೇಗೆ ಎಂದು ಕೇಳಿದ್ದೀರಿ. ತೋರಿಸಲಿಕ್ಕೆ ಹೋಗಬೇಡಿ ಮಾರಾಯ್ರೆ, ಅದು ದೋಸೆಯಲ್ಲೇ ಕಾಣುತ್ತದೆ.

ಒಂದು ನೋಟ್‌ಬುಕ್ ಇಡಿ. ಅಕ್ಕಿ-ಉದ್ದಿನ ಅಳತೆ (3ಕ್ಕೆ 1 ಅಥವಾ 4ಕ್ಕೆ 1), ಅರೆದ ಹೊತ್ತು, ಅಂದಿನ ಹವೆ, ಬೆಳಿಗ್ಗೆ ಹಿಟ್ಟು ಎಷ್ಟು ಉಬ್ಬಿತು, ಎಲ್ಲ ಬರೆಯಿರಿ. ಏಪ್ರಿಲ್ ಸೆಕೆಗೆ ಬೇಗ ಹುಳಿಯಾಗುವ ಹಿಟ್ಟು ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಏಳುವುದೇ ಇಲ್ಲ. ಅರೆಯುವ ಹೊತ್ತು ಹಿಂದೆ ಮುಂದೆ ಮಾಡಬೇಕು. ಎಷ್ಟು ಎಂಬುದು ನಿಮ್ಮ ನೋಟ್‌ಬುಕ್ಕಿನಲ್ಲೇ ಸಿಗುತ್ತದೆ.

ದೋಸೆ ಹರಿದರೆ ಹಿಟ್ಟನ್ನು ಬೈಯುವ ಮೊದಲು ಕಾವಲಿಗೆ ನೀರು ಚಿಮುಕಿಸಿ. ಚುಂಯ್ ಎಂದು ಆರಿದರೆ ಸರಿ. ಹನಿ ಗೋಲಿಯಂತೆ ಓಡಾಡಿದರೆ ಕಾವಲಿ ಅತಿಯಾಗಿ ಕಾದಿದೆ; ಹಿಟ್ಟು ಹರಡದೆ ಸೌಟಿಗೇ ಅಂಟಿ ಎದ್ದು ಬರುತ್ತದೆ. ಕಾವು ಸಾಲದಿದ್ದರೆ ದೋಸೆ ಕಾವಲಿಗೆ ಅಂಟುತ್ತದೆ. ಹೀಗೆ ಕಾರಣ ಹುಡುಕುವವರು ಯಾವ ಕೆಲಸದಲ್ಲೂ ಬೇಗ ಮೇಲೆ ಬರುತ್ತಾರೆ.

ಹಿಟ್ಟು ಹುಳಿಯಾಗಿದ್ದರೆ ಗಿರಾಕಿ ಹೇಳುವ ಮೊದಲು ನೀವೇ ಅಡುಗೆ ಭಟ್ಟರಿಗೆ ಹೇಳಿ. ಹೊಸ ಹಿಟ್ಟು ಬೆರೆಸಲಿಕ್ಕೆ ಆಗ ಸಮಯವಿರುತ್ತದೆ. ಮುಚ್ಚಿಟ್ಟರೆ ಇಪ್ಪತ್ತು ತಟ್ಟೆ ವಾಪಸ್! ಹೊರಡುವಾಗ ಎಷ್ಟು ಹಿಟ್ಟು ಉಳಿದಿದೆ, ಯಾವ ಒಲೆಯ ಉರಿ ಸರಿಯಿಲ್ಲ ಎಂದು ಮುಂದಿನ ಪಾಳಿಯವರಿಗೆ ಹೇಳಿಯೇ ಹೊರಡಿ.