ಟ್ಯಾಂಕರ್ ನೀರು ಮತ್ತು ಬತ್ತಿದ ಬಾವಿ

ಓದುಗರ ಪತ್ರ: "ನನಗೆ 63 ವರ್ಷ, ತೂಕ 60 ಕೆ.ಜಿ. ನಾಲ್ಕು ವರ್ಷದ ಹಿಂದೆ ಥೈರಾಯ್ಡ್ ಪರೀಕ್ಷೆಯಲ್ಲಿ ಟಿಎಸ್‌ಎಚ್ 38 ಬಂದಿತ್ತು, ಆ್ಯಂಟಿ-ಟಿಪಿಒ ಪಾಸಿಟಿವ್. 50 ಮೈಕ್ರೋಗ್ರಾಂನಲ್ಲಿ ಶುರುವಾದ ಥೈರಾಕ್ಸಿನ್ ಮಾತ್ರೆ 75 ಆಯಿತು, ಆಮೇಲೆ 100. ದಿನವೂ ಬೆಳಗ್ಗೆ ಕಾಫಿಯ ಜೊತೆ ತಪ್ಪದೆ ನುಂಗಿದ್ದೇನೆ, ತಿಂಡಿಯಾದ ಮೇಲೆ ಕ್ಯಾಲ್ಸಿಯಂ ಮಾತ್ರೆ. ವರ್ಷದಿಂದ ರಿಪೋರ್ಟ್ ನಾರ್ಮಲ್. ನಾರ್ಮಲ್ ಆದ ಮೇಲೂ ಮಾತ್ರೆ ಏಕೆ? ಹೊರಗಿನಿಂದ ಹಾರ್ಮೋನು ಸುರಿಯುತ್ತ ಹೋದರೆ ಗ್ರಂಥಿ ಸೋಮಾರಿಯಾಗುವುದಿಲ್ಲವೇ? ಡೋಸ್ ಏರುತ್ತ ಹೋದದ್ದೇ ಚಟಕ್ಕೆ ಸಾಕ್ಷಿ. ನಿಲ್ಲಿಸಿ ಹತ್ತನೇ ದಿನ ಪರೀಕ್ಷೆ ಮಾಡಿಸಿದೆ, ಟಿಎಸ್‌ಎಚ್ 7.1. ಮೂವತ್ತೆಂಟು ಎಲ್ಲಿ, ಏಳು ಎಲ್ಲಿ! ಗರ್ಭಿಣಿ ಮಗಳಿಗೂ ಇದೇ ಮಾತ್ರೆ ಬರೆದಿದ್ದಾರೆ, ನಿಲ್ಲಿಸುವ ಬಗ್ಗೆ ಯೋಚಿಸು ಎಂದಿದ್ದೇನೆ. ನಿಮ್ಮ ಪತ್ರಿಕೆ ಮಾತ್ರೆ ಕಂಪನಿಗಳ ಪರ ಬರೆಯುವುದನ್ನು ಬಿಟ್ಟು ಇದನ್ನು ಪ್ರಕಟಿಸಲಿ." – ನಿವೃತ್ತ ಗಣಿತ ಶಿಕ್ಷಕಿ, ಸಾಗರ

ಸಂಪಾದಕರ ಉತ್ತರ: ಪ್ರಕಟಿಸಿದ್ದೇವೆ ಮೇಡಂ, ಒಂದಕ್ಷರ ಬಿಡದೆ. ಮುಂದೆ ಓದುವ ಮೊದಲು ಮಗಳಿಗೆ ಫೋನ್ ಮಾಡಿ, ಮಾತ್ರೆ ನಿಲ್ಲಿಸಬೇಡ ಎಂದು ಹೇಳಿಬಿಡಿ. ಉಳಿದದ್ದಕ್ಕೆ ಪುರುಸೊತ್ತಿದೆ, ಅದಕ್ಕಿಲ್ಲ. ಹೊಟ್ಟೆಯ ಕೂಸಿನ ಥೈರಾಯ್ಡ್ ಗ್ರಂಥಿ ತನ್ನ ಪಾಲಿನ ಹಾರ್ಮೋನನ್ನು ತಕ್ಕಮಟ್ಟಿಗೆ ತಯಾರಿಸುವ ಹೊತ್ತಿಗೆ ನಾಲ್ಕು–ಐದು ತಿಂಗಳಾಗಿರುತ್ತದೆ. ಅಲ್ಲಿಯವರೆಗೆ ಅದರ ಮೆದುಳು ಬೆಳೆಯುವುದು ತಾಯಿಯ ರಕ್ತದಲ್ಲಿರುವ ಥೈರಾಕ್ಸಿನ್ನಿನಿಂದ. ಅದಕ್ಕೇ ಮೊದಲಿನಿಂದಲೂ ಮಾತ್ರೆಯಲ್ಲಿದ್ದವರು ಗರ್ಭಿಣಿ ಎಂದು ಗೊತ್ತಾದ ಕೂಡಲೇ ಡೋಸ್ ಏರಿಸುತ್ತಾರೆ, ಸಾಮಾನ್ಯವಾಗಿ ಕಾಲು ಭಾಗದಷ್ಟೋ ಅದಕ್ಕಿಂತ ತುಸು ಹೆಚ್ಚೋ. ಇಳಿಸುವ ಪ್ರಶ್ನೆಯೇ ಬರುವುದಿಲ್ಲ.

ಈಗ ನಿಮ್ಮ ವಿಷಯ. ನಿಮ್ಮ ಪತ್ರ ಓದಿ ಸಿಟ್ಟಿಗಿಂತ ಹೆಚ್ಚಾಗಿ ಖುಷಿಯೇ ಆಯಿತು, ಯಾಕೆಂದರೆ ಪ್ರಶ್ನೆ ದಡ್ಡತನದ್ದಲ್ಲ. 'ಹೊರಗಿನಿಂದ ಹಾರ್ಮೋನು ಬಂದರೆ ಒಳಗಿನ ಗ್ರಂಥಿ ಮಲಗುತ್ತದೆ' ಎನ್ನುವುದು ನಿಜ. ನೀವು ಹೇಳಿದ ತತ್ವ ಸರಿ, ಗ್ರಂಥಿ ತಪ್ಪು.

ಥೈರಾಯ್ಡ್ ಕುತ್ತಿಗೆಯಲ್ಲಿ ಚಿಟ್ಟೆಯಂತೆ ಕೂತಿರುವ ಹದಿನೈದು–ಇಪ್ಪತ್ತೈದು ಗ್ರಾಮಿನ ಗ್ರಂಥಿ. ದಿನಕ್ಕೆ ಸುಮಾರು 80ರಿಂದ 100 ಮೈಕ್ರೋಗ್ರಾಂ ಥೈರಾಕ್ಸಿನ್, ಅಂದರೆ ಟಿ4, ಬಿಡುತ್ತದೆ. ಅಂಗಾಂಗಗಳು ಅದರಿಂದ ಒಂದು ಅಯೋಡಿನ್ ಪರಮಾಣು ಕಿತ್ತು ಟಿ3 ಮಾಡಿಕೊಂಡು ಬಳಸುತ್ತವೆ. ಎಷ್ಟು ಬೇಕು ಎಂದು ನೋಡಿಕೊಳ್ಳುವುದು ಮೆದುಳಿನ ಅಡಿಯಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ. ರಕ್ತದಲ್ಲಿ ಟಿ4 ಕಡಿಮೆಯಾದರೆ ಅದು ಟಿಎಸ್‌ಎಚ್ ಎಂಬ ಕೂಗು ಹಾಕುತ್ತದೆ, ಸಾಕಾದರೆ ಸುಮ್ಮನಾಗುತ್ತದೆ. ಆ ಕೂಗಿಗೊಂದು ವಿಚಿತ್ರ ಲೆಕ್ಕವಿದೆ, ಲಾಗರಿಥಮ್ ಕಲಿಸಿದ ನಿಮಗೆ ರುಚಿಸೀತು: ಟಿ4 ಅರ್ಧಕ್ಕಿಳಿದರೆ ಟಿಎಸ್‌ಎಚ್ ದುಪ್ಪಟ್ಟಾಗಿ ನಿಲ್ಲುವುದಿಲ್ಲ, ನೂರು ಪಟ್ಟಿನವರೆಗೂ ಏರಬಲ್ಲದು. ಅದಕ್ಕೇ ವೈದ್ಯರು ಮೊದಲು ಟಿ4 ಬಿಟ್ಟು ಟಿಎಸ್‌ಎಚ್ ನೋಡುವುದು. ಮಾಮೂಲಿ ಮಟ್ಟ 0.4ರಿಂದ 4ರ ಆಸುಪಾಸು. ನಿಮ್ಮ 38 ಎಂದರೆ ಪಿಟ್ಯುಟರಿ ಗಂಟಲು ಹರಿದುಕೊಂಡು ಕೂಗುತ್ತಿತ್ತು, ಗ್ರಂಥಿಗೆ ಏಳಲು ಆಗುತ್ತಿರಲಿಲ್ಲ.

ಏಕೆ ಆಗಲಿಲ್ಲ ಎನ್ನುವುದಕ್ಕೆ ಉತ್ತರ ನೀವೇ ಬರೆದ 'ಆ್ಯಂಟಿ-ಟಿಪಿಒ ಪಾಸಿಟಿವ್' ಎಂಬ ಎರಡು ಪದಗಳಲ್ಲಿದೆ. ಥೈರಾಯ್ಡಿನ ವಿರುದ್ಧ ದೇಹವೇ ತಯಾರಿಸಿದ ಪ್ರತಿಕಾಯ ರಕ್ತದಲ್ಲಿದೆ ಎಂದು ಅದರರ್ಥ: ದೇಹದ ರಕ್ಷಣಾ ಪಡೆಯೇ ಥೈರಾಯ್ಡಿನ ಕೋಶಗಳನ್ನು ಪರಕೀಯವೆಂದು ತಿಳಿದು ನಾಶ ಮಾಡುತ್ತಿದೆ. 1912ರಲ್ಲಿ ಇದನ್ನು ವಿವರಿಸಿದ ಜಪಾನಿನ ಹಕಾರು ಹಶಿಮೊಟೊ ಹೆಸರಿನಲ್ಲೇ ಈ ಕಾಯಿಲೆಯನ್ನು ಕರೆಯುತ್ತಾರೆ. ಸೋಮಾರಿಯನ್ನು ಎಬ್ಬಿಸಬಹುದು, ನಾಶವಾದ ಕೋಶವನ್ನು ಎಬ್ಬಿಸುವುದು ಹೇಗೆ? ಮಾತ್ರೆ ತೆಗೆದುಕೊಂಡಾಗ ಟಿಎಸ್‌ಎಚ್ ಇಳಿದದ್ದು ರಕ್ತದಲ್ಲಿ ಥೈರಾಕ್ಸಿನ್ ಸಾಕಷ್ಟಾಯಿತು ಎಂಬ ಕಾರಣಕ್ಕೆ. ಟ್ಯಾಂಕರ್ ಬಂದು ಬೀದಿಯ ಜಗಳ ನಿಂತರೆ ಬಾವಿಯಲ್ಲಿ ಒರತೆ ಬಂತು ಎನ್ನುತ್ತೇವೆಯೇ? ನಾರ್ಮಲ್ ಎಂದು ಬಂದ ನಿಮ್ಮ ರಿಪೋರ್ಟ್ ಟ್ಯಾಂಕರಿನದು.

ಗಟ್ಟಿಮುಟ್ಟಾದ ಗ್ರಂಥಿ ಇದ್ದವರು ಥೈರಾಯ್ಡ್ ಮಾತ್ರೆ ತಿಂದರೆ ಏನಾಗುತ್ತದೆ ಎಂಬುದನ್ನೂ ನೋಡಿಯಾಗಿದೆ. ಅಮೆರಿಕದ ಮಾಂಟಿ ಗ್ರಿಯರ್ 1951ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಮಾತ್ರೆ ತಿನ್ನುವಾಗ ಗ್ರಂಥಿ ಮಲಗಿತ್ತು, ನಿಲ್ಲಿಸಿದ ಕೆಲವೇ ವಾರಗಳಲ್ಲಿ ಎದ್ದಿತು, ವರ್ಷಗಟ್ಟಲೆ ತಿಂದವರಲ್ಲೂ. ಥೈರಾಯ್ಡ್ ಅಷ್ಟು ಸುಲಭಕ್ಕೆ ಸೋಮಾರಿಯಾಗುವ ಜಾತಿಯಲ್ಲ.

ಸೋಮಾರಿಯಾಗುವ ಗ್ರಂಥಿ ಬೇರೆ ಇದೆ, ನಿಮ್ಮ ವಾದವನ್ನು ದಯವಿಟ್ಟು ಅಲ್ಲಿಗೆ ಸಾಗಿಸಿ. ಮೂತ್ರಪಿಂಡದ ತಲೆಯ ಮೇಲೆ ಟೋಪಿಯಂತಿರುವ ಅಡ್ರಿನಲ್. ಕೀಲುನೋವಿಗೋ ಉಬ್ಬಸಕ್ಕೋ ದಿನಕ್ಕೆ 5 ಮಿಲಿಗ್ರಾಂಗಿಂತ ಹೆಚ್ಚು ಪ್ರೆಡ್ನಿಸೊಲೋನ್ (ಅಡ್ರಿನಲ್ಲಿನ ಹಾರ್ಮೋನಿನಂತೆ ಕೆಲಸ ಮಾಡುವ ಸ್ಟಿರಾಯ್ಡ್) ಮೂರು–ನಾಲ್ಕು ವಾರ ದಾಟಿ ತಿಂದವರಲ್ಲಿ ಪಿಟ್ಯುಟರಿ ಎಸಿಟಿಎಚ್ ಎಂಬ ಕೂಗನ್ನು ನಿಲ್ಲಿಸಿಬಿಡುತ್ತದೆ, ಕೂಗಿಲ್ಲದೆ ಅಡ್ರಿನಲ್ ಸೊರಗುತ್ತದೆ. ಮತ್ತೆ ಏಳಲು ತಿಂಗಳುಗಳೇ ಬೇಕು. ಥಟ್ಟನೆ ನಿಲ್ಲಿಸಿದವರಿಗೆ ವಾಂತಿ, ನಿತ್ರಾಣ, ಬಿ.ಪಿ. ಕುಸಿತ, ನಡುವೆ ಜ್ವರವೋ ಆಪರೇಷನ್ನೋ ಬಂದರೆ ಪ್ರಾಣಕ್ಕೇ ಸಂಚಕಾರ. 'ಮೈ ತುಂಬಿಕೊಳ್ಳುತ್ತದೆ' ಎಂದು ಚೀಟಿಯಿಲ್ಲದೆ ಸ್ಟಿರಾಯ್ಡ್ ನುಂಗುವವರನ್ನು, ಬೇಸರವಾದ ದಿನ ನಿಲ್ಲಿಸುವವರನ್ನು ನೀವು ಬೈದಿದ್ದರೆ ಆ ಪತ್ರವನ್ನು ಮುಖಪುಟದಲ್ಲಿ ಹಾಕುತ್ತಿದ್ದೆವು. ತಮಾಷೆಯೆಂದರೆ ಎರಡೂ ಕಥೆಗಳಲ್ಲಿ ಒಬ್ಬನೇ ಮನುಷ್ಯ ಇದ್ದಾನೆ. ಅಮೆರಿಕದ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಕೆಂಡಲ್ 1914ರ ಕ್ರಿಸ್ಮಸ್ ದಿನ ಥೈರಾಕ್ಸಿನ್ ಹರಳನ್ನು ಬೇರ್ಪಡಿಸಿದ; 33 ಗ್ರಾಂ ಹರಳಿಗೆ ಸುಮಾರು ಮೂರು ಟನ್ ಹಂದಿಯ ಥೈರಾಯ್ಡ್ ಬೇಕಾಯಿತು. 1950ರಲ್ಲಿ ಅವನಿಗೆ ನೊಬೆಲ್ ಪಾಲು ಬಂದದ್ದು ಮಾತ್ರ ಅಡ್ರಿನಲ್ಲಿನ ಕಾರ್ಟಿಸೋನ್ ಎಂಬ ಹಾರ್ಮೋನಿನ ಕೆಲಸಕ್ಕೆ.

ಇನ್ನು 'ಹತ್ತನೇ ದಿನ 7.1'. ಗಣಿತದ ಮೇಡಂ, ಇದನ್ನು ನೀವು ಬರೆಯಬಾರದಿತ್ತು! ಟಿ4 ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು, ಥೈರಾಯ್ಡ್ ಕಡಿಮೆ ಇರುವವರಲ್ಲಿ ಇನ್ನೂ ನಿಧಾನ. ಹತ್ತು ದಿನಕ್ಕೆ ಎಷ್ಟು ಉಳಿಯಿತು ಎಂದು ಹಳೆಯ ವಿದ್ಯಾರ್ಥಿಗೆ ಕೊಡುವ ಲೆಕ್ಕದಂತೆ ಬಿಡಿಸಿ ನೋಡಿ: ಮಾತ್ರೆಯಿಂದ ಬಂದದ್ದರಲ್ಲಿ ಇನ್ನೂ ಶೇ 37ರಷ್ಟು ಮೈಯಲ್ಲಿದೆ. ಟಿಎಸ್‌ಎಚ್ ಹೊಸ ಮಟ್ಟಕ್ಕೆ ಬಂದು ನಿಲ್ಲಲು ಆರರಿಂದ ಎಂಟು ವಾರ ಹಿಡಿಯುತ್ತದೆ. ಡೋಸ್ ಬದಲಿಸಿದಾಗಲೂ ಅಷ್ಟು ಕಾಯಿರಿ ಎನ್ನುವುದು ಇದಕ್ಕೇ. ನಿಮ್ಮ 7.1 ಮೆಟ್ಟಿಲು ಹತ್ತುತ್ತಿರುವವರ ಫೋಟೋ, ಅವರು ನಿಂತ ಮಹಡಿಯದಲ್ಲ. ಇದೇ ನಿಧಾನ ಒಂದು ಉಪಕಾರವನ್ನೂ ಮಾಡುತ್ತದೆ. ಒಂದು ದಿನ ಮಾತ್ರೆ ಮರೆತರೆ ಆಕಾಶ ಕಳಚಿ ಬೀಳುವುದಿಲ್ಲ.

ಡೋಸ್ ಏರಿದ್ದು ಚಟಕ್ಕೆ ಸಾಕ್ಷಿ ಎಂದಿರಿ. ಗ್ರಂಥಿ ಪೂರ್ತಿ ಕೈಬಿಟ್ಟವರಿಗೆ ಕೆ.ಜಿ.ಗೆ ಸುಮಾರು 1.6 ಮೈಕ್ರೋಗ್ರಾಂ ಬೇಕು. ನಿಮ್ಮ ಅರವತ್ತು ಕೆ.ಜಿ.ಗೆ ಅದು 96, ಹೆಚ್ಚುಕಡಿಮೆ ಒಂದು ಗ್ರಂಥಿ ದಿನಕ್ಕೆ ಕೊಡುತ್ತಿದ್ದಷ್ಟೇ. ಚಟಕ್ಕೆ ಇಂಥ ಮಿತಿ ಇರುವುದಿಲ್ಲ. ಆದರೆ ನಿಜವಾದ ಕಳ್ಳ ನಿಮ್ಮ ಲೋಟದಲ್ಲೇ ಇದ್ದಾನೆ. ಖಾಲಿ ಹೊಟ್ಟೆಯಲ್ಲಿ ಈ ಮಾತ್ರೆ ಶೇ 70–80ರಷ್ಟು ಹೀರಿಕೆಯಾಗುತ್ತದೆ. ಕಾಫಿಯ ಜೊತೆ ನುಂಗಿದರೆ ಅದು ಇಳಿಯುತ್ತದೆ, ಹಾಲಿನ ಸುಣ್ಣಾಂಶ ಮತ್ತಷ್ಟನ್ನು ಕಟ್ಟಿಹಾಕುತ್ತದೆ, ತಿಂಡಿಯ ಮೇಲಿನ ಕ್ಯಾಲ್ಸಿಯಂ ಮಾತ್ರೆ ಉಳಿದದ್ದಕ್ಕೆ ಕೈಹಾಕುತ್ತದೆ. ನೀವು ನುಂಗಿದ ನೂರರಲ್ಲಿ ಒಂದು ಪಾಲು ಕರುಳಿನಲ್ಲೇ ಸಾಗಿ ಹೋಗಿರಬಹುದು.

ಸರಿಯಾದ ಕ್ರಮ ಹೀಗೆ. ಎದ್ದ ಕೂಡಲೇ ಬರಿಯ ನೀರಿನಲ್ಲಿ ಮಾತ್ರೆ. ಆಮೇಲೆ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ, ಕಾಫಿ ಬೇಡ, ಹಾಲು ಬೇಡ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಆಸಿಡಿಟಿಯ ಸಿರಪ್ಪಿಗೆ ನಾಲ್ಕು ಗಂಟೆ ಅಂತರ, ಅಂದರೆ ಮಧ್ಯಾಹ್ನದ ಊಟಕ್ಕೆ ತಳ್ಳಿ. ಕಾಫಿ ಬಿಟ್ಟು ಬೆಳಗಾಗುವುದೇ ಇಲ್ಲ ಎನ್ನುವವರು ರಾತ್ರಿ ಊಟವಾಗಿ ಮೂರು ಗಂಟೆ ಕಳೆದು ಮಲಗುವಾಗ ತೆಗೆದುಕೊಳ್ಳಬಹುದು, ಆದರೆ ಒಂದು ಹೊತ್ತು ಹಿಡಿದರೆ ಅದನ್ನೇ ಹಿಡಿಯಬೇಕು. ಬಾಟಲಿಯನ್ನು ಒಲೆಯ ಮೇಲಿನ ಗೂಡಿನಲ್ಲೋ ಬಚ್ಚಲಲ್ಲೋ ಇಡಬೇಡಿ, ಶಾಖಕ್ಕೂ ತೇವಕ್ಕೂ ಮಾತ್ರೆಯ ಸತ್ವ ಕುಂದುತ್ತದೆ. ಮಲೆನಾಡಿನ ಮಳೆಗಾಲ ನಿಮಗೆ ಹೇಳಿಕೊಡಬೇಕಿಲ್ಲ. ಅಂಗಡಿಯವನು ಬೇರೆ ಕಂಪನಿಯ ಮಾತ್ರೆ ಕೊಟ್ಟರೆ ಎರಡು ತಿಂಗಳಾದ ಮೇಲೆ ಒಂದು ಸಲ ಟಿಎಸ್‌ಎಚ್ ನೋಡಿಸಿ. ಪರೀಕ್ಷೆಯ ದಿನ ರಕ್ತ ಕೊಟ್ಟ ಮೇಲೆ ಮಾತ್ರೆ ನುಂಗಿ. ಪ್ರತಿಸಲವೂ ಬೆಳಗ್ಗೆಯೇ ಕೊಡಿ, ಮಧ್ಯಾಹ್ನದ ಹೊತ್ತಿಗೆ ಟಿಎಸ್‌ಎಚ್ ತಾನಾಗಿ ತಗ್ಗಿರುತ್ತದೆ. ಕೂದಲಿಗೆ ಒಳ್ಳೆಯದೆಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಎರಡು ದಿನ ಮೊದಲೇ ನಿಲ್ಲಿಸಿ, ಅನೇಕ ಲ್ಯಾಬುಗಳ ಪರೀಕ್ಷಾ ವಿಧಾನವನ್ನೇ ಅದು ದಾರಿ ತಪ್ಪಿಸುತ್ತದೆ.

ಇಷ್ಟನ್ನು ನಾಲ್ಕು ವರ್ಷದಲ್ಲಿ ನಿಮಗೆ ಯಾರೂ ಹೇಳಲಿಲ್ಲ ಎನ್ನುವುದೇ ನನ್ನ ನಿಜವಾದ ಸಂಕಟ. ಚೀಟಿಯಲ್ಲಿ ಬರೆದಿರುವುದು '1-0-0'. ಅದರಲ್ಲಿ ಕಾಫಿಯ ಸುದ್ದಿ ಎಲ್ಲಿದೆ? ಬಾಟಲಿಯ ಮೇಲೆ ಇರುವೆ ಸಾಲಿನಂಥ ಇಂಗ್ಲಿಷ್. ಒಂದು ಕಡೆ 100 ಮೈಕ್ರೋಗ್ರಾಂ ಎಂದಿದ್ದರೆ ಇನ್ನೊಂದು ಕಡೆ 0.1 ಮಿಲಿಗ್ರಾಂ; ಎರಡೂ ಒಂದೇ ಎಂದು ತಿಳಿಯದೆ ಡೋಸ್ ಕಡಿಮೆಯಾಯಿತು ಎಂದು ಎರಡೆರಡು ನುಂಗುವವರನ್ನು ಯಾರು ಹಿಡಿಯಬೇಕು? ಬಸ್ಸಿನ ಬೋರ್ಡಿಗೆ ಕನ್ನಡ ಕೇಳುವ ನಾವು ಮಾತ್ರೆಯ ಬಾಟಲಿಗೆ ಕೇಳುವುದಿಲ್ಲ. ಆ ಖಾಲಿ ಜಾಗದಲ್ಲಿ 'ಹಾರ್ಮೋನ್ ಇಂಬ್ಯಾಲೆನ್ಸ್' ಎಂಬ ಎರಡು ಪದ ಬಂದು ಕುಳಿತಿವೆ. ಅದನ್ನು ಸರಿಪಡಿಸುತ್ತೇವೆ ಎಂದು ಪುಡಿ ಮಾರುವವರನ್ನು ಯಾವ ಹಾರ್ಮೋನು, ಎಷ್ಟು, ಯಾವ ಹೊತ್ತಿನಲ್ಲಿ ಎಂದು ಕೇಳಿದರೆ ಉತ್ತರವಿಲ್ಲ, ಡಬ್ಬಿಯಲ್ಲಿ ಪುಡಿ ಮಾತ್ರ ಇದೆ. ಇದೇನೂ ಹೊಸದಲ್ಲ. 1889ರಲ್ಲಿ ಪ್ಯಾರಿಸ್ಸಿನ ಬ್ರೌನ್-ಸೆಕಾರ್ ಎಂಬ ದೊಡ್ಡ ವಿಜ್ಞಾನಿ ಎಪ್ಪತ್ತೆರಡರ ವಯಸ್ಸಿನಲ್ಲಿ ಪ್ರಾಣಿಗಳ ವೃಷಣದ ರಸ ಚುಚ್ಚಿಕೊಂಡು ಯೌವನ ಮರಳಿತು ಎಂದು ಸಾರಿದ. ಆ ರಸದಲ್ಲಿ ಕೆಲಸ ಮಾಡುವಷ್ಟು ಹಾರ್ಮೋನು ಇರಲೇ ಇಲ್ಲ, ಮಾರಾಟ ಮಾತ್ರ ಜೋರಾಗಿತ್ತು.

ಅದಾದ ಎರಡೇ ವರ್ಷಕ್ಕೆ, 1891ರಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲಿ ಜಾರ್ಜ್ ಮರ್ರೆ ಎಂಬ ಯುವ ವೈದ್ಯ ಕುರಿಯ ಥೈರಾಯ್ಡ್ ರಸವನ್ನು 46ರ ಒಬ್ಬ ಹೆಂಗಸಿಗೆ ಕೊಟ್ಟ. ಮುಖ ಊದಿ, ಮಾತು ತೊದಲಿ, ಚಳಿಗೆ ನಡುಗುತ್ತಿದ್ದವಳು ಚೇತರಿಸಿಕೊಂಡಳು. ಆಕೆಯೂ ನಿಮ್ಮಂತೆ 'ಈಗ ನಾರ್ಮಲ್ ಆದೆನಲ್ಲ' ಎಂದು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. 1919ರವರೆಗೆ, 74ರ ವಯಸ್ಸಿನ ತನಕ ಬದುಕಿದಳು. ಆ ಇಪ್ಪತ್ತೆಂಟು ವರ್ಷಗಳಿಗೆ 870ಕ್ಕೂ ಹೆಚ್ಚು ಕುರಿಗಳ ಥೈರಾಯ್ಡ್ ಖರ್ಚಾಯಿತೆಂದು ಮರ್ರೆ ಲೆಕ್ಕ ಇಟ್ಟಿದ್ದಾನೆ. ನಿಮಗೆ ಕುರಿ ಬೇಡ, ದಿನಕ್ಕೊಂದು ಪುಟ್ಟ ಮಾತ್ರೆ ಸಾಕು.

ಇನ್ನೊಂದು ಪಕ್ಷಕ್ಕೂ ಒಂದು ಮಾತು ಸಲ್ಲಬೇಕು. ಟಿಎಸ್‌ಎಚ್ 5–6 ಬಂದು, ಟಿ4 ಸರಿಯಿದ್ದು, ವಯಸ್ಸಾದವರಾಗಿದ್ದರೆ ಮಾತ್ರೆ ಬೇಡವೇ ಬೇಡ ಎನ್ನಿಸುವ ಪ್ರಸಂಗಗಳು ಬೇಕಾದಷ್ಟಿವೆ. 65 ದಾಟಿದ 737 ಮಂದಿಯ ಮೇಲೆ ಯುರೋಪಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇಂಥವರಿಗೆ ಮಾತ್ರೆಯಿಂದ ಸುಸ್ತು ಕಡಿಮೆಯಾಗಲಿಲ್ಲ. ಬೇಡದವರಿಗೆ ಕೊಟ್ಟರೆ, ಬೇಕಾದವರಿಗೆ ಹೆಚ್ಚು ಕೊಟ್ಟರೆ ಎದೆಬಡಿತ ತಾಳ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಆದರೆ ಅದು 6ರವರ ವಾದ, 38ರವರು ಎರವಲು ತರುವಂತಿಲ್ಲ.

ಈಗ ಮಾಡಬೇಕಾದದ್ದು. ನಾಳೆಯೇ ಹಳೆಯ 100ನ್ನು ಬರಿಯ ನೀರಿನಲ್ಲಿ ಶುರು ಮಾಡಿಬಿಡಬೇಡಿ. ಆ ನೂರು ಕಾಫಿಯ ಕಳ್ಳತನ ಸೇರಿಸಿ ಲೆಕ್ಕ ಹಾಕಿದ್ದು. ಕಳ್ಳ ಹೋದ ಮೇಲೆ ಅದೇ ನೂರು ಹೆಚ್ಚಾಗಿ, 63ರ ಹೃದಯಕ್ಕೆ ಡವಡವ ಹತ್ತೀತು. ವೈದ್ಯರ ಬಳಿ ಈ ವಾರವೇ ಹೋಗಿ, ನಿಲ್ಲಿಸಿದ ತಾರೀಖು, ಹತ್ತನೇ ದಿನದ ರಿಪೋರ್ಟು, ಕಾಫಿ, ಕ್ಯಾಲ್ಸಿಯಂ ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದುಕೊಡಿ. ಎಷ್ಟರಿಂದ ಶುರು ಮಾಡಬೇಕೆಂದು ಅವರು ಹೇಳಲಿ. ಅಲ್ಲಿಂದ ಎಂಟನೇ ವಾರ ಬೆಳಗ್ಗೆ, ಮಾತ್ರೆಗೂ ಮೊದಲು ರಕ್ತ ಕೊಟ್ಟು ಬಂದ ಅಂಕಿಯನ್ನು ನಮಗೂ ಬರೆಯಿರಿ, ಹತ್ತನೇ ದಿನದ್ದು ಬೇಡ.