ರೋಬೋ ಕೈಯ ಹಿಡಿತಕ್ಕೆ ಯಾವ ಸೆನ್ಸರ್?

ಪ್ರಶ್ನೆ: ಆರ್ಡುಯಿನೋ ಯುನೋ ಎಂಬ ನಿಯಂತ್ರಣ ಬೋರ್ಡಿನಿಂದ ನಡೆಯುವ ನನ್ನ ಪುಟ್ಟ ರೋಬೋ ಕೈ ಚಾಲಿ ಅಡಿಕೆಯನ್ನು ಸರಿಯಾಗಿ ಎತ್ತುತ್ತದೆ, ಮುರುಗಲ ಹಣ್ಣನ್ನು ಮಾತ್ರ ಹಿಚುಕಿಬಿಡುತ್ತದೆ. ಯಾವ ಸೆನ್ಸರ್ ಹಾಕಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ಎಫ್‌ಎಸ್‌ಆರ್ ಎಂಬ ತೆಳು ಒತ್ತಡ ಸೆನ್ಸರ್ ಒಂದೇ ಸಾಕು. ಅದರ ಒಂದು ಕಾಲು 5 ವೋಲ್ಟಿಗೆ, ಇನ್ನೊಂದು ಬೋರ್ಡಿನ ಎ0 ಪಿನ್ನಿಗೆ. ಎ0ಯಿಂದ ಗ್ರೌಂಡಿಗೆ 10 ಕಿಲೋ ಓಮ್ ರೆಸಿಸ್ಟರ್. ಒತ್ತಿದಷ್ಟೂ ಎ0ಯಲ್ಲಿ ಬೋರ್ಡ್ ಓದುವ ಅಂಕಿ ಏರುತ್ತದೆ. ಸೆನ್ಸರನ್ನು ಬೆರಳಿನ ಚಪ್ಪಟೆ ಭಾಗಕ್ಕೇ ಅಂಟಿಸಿ. ಬಾಗಿದರೆ ಏನೂ ಮುಟ್ಟದೆಯೂ ಅಂಕಿ ತೋರಿಸುತ್ತದೆ. ಮೇಲೆ 2 ಮಿ.ಮೀ. ರಬ್ಬರ್ ತುಂಡು ಇರಲಿ, ದುಂಡನೆಯ ವಸ್ತು ಸೆನ್ಸರಿನ ಅಂಚಿಗೆ ಸಿಕ್ಕರೂ ಒತ್ತಡ ಹರಡುತ್ತದೆ.

ಬೆರಳನ್ನು ಆಡಿಸುವ ಮೋಟಾರನ್ನು, ಅಂದರೆ ಸರ್ವೋವನ್ನು, ಒಂದೊಂದೇ ಡಿಗ್ರಿ ಮುಚ್ಚಿ, 20 ಮಿಲಿಸೆಕೆಂಡ್ ತಡೆದು, ಐದು ಸಲ ಓದಿ ಸರಾಸರಿ ತೆಗೆಯಿರಿ. ಏನೂ ಹಿಡಿಯದಿದ್ದಾಗಿನ ಅಂಕಿಗಿಂತ ಸುಮಾರು 80 ಹೆಚ್ಚಾದೊಡನೆ ನಿಲ್ಲಿಸಿ, ಆಮೇಲೆ ಹಣ್ಣಿಟ್ಟು ಹೊಂದಿಸಿಕೊಳ್ಳಿ. ಇದನ್ನು ತಕ್ಕಡಿ ಎಂದುಕೊಳ್ಳಬೇಡಿ, ಗ್ರಾಂ ಲೆಕ್ಕ ನಂಬುವಂತಿಲ್ಲ.

ಅಂಕಿ ಕುಣಿಯುತ್ತಿದ್ದರೆ ತಪ್ಪು ಹೆಚ್ಚಾಗಿ ಸೆನ್ಸರಿನದಲ್ಲ, ಬೋರ್ಡಿನ ವಿದ್ಯುತ್ತನ್ನೇ ಸರ್ವೋ ಎಳೆದುಕೊಳ್ಳುವುದರದು. ಸರ್ವೋಗೆ ಬೇರೆಯೇ ವಿದ್ಯುತ್ ಕೊಟ್ಟು, ಎರಡರ ಗ್ರೌಂಡ್ ಮಾತ್ರ ಕೂಡಿಸಿ.

ಅಗ್ಗದ ಇನ್‌ಫ್ರಾರೆಡ್ ಸೆನ್ಸರ್ ವಸ್ತು ಎದುರಿಗಿದೆ ಎಂದಷ್ಟೇ ಹೇಳೀತು. ಜಗಲಿಯ ಬಿಸಿಲಿನಲ್ಲಿ ಅದೂ ತಪ್ಪುತ್ತದೆ.